ಯಾವ್ನೆ, ಸೂರಾ, ಸಫೇದ್, ವಿಲ್ನಾ: ಈ ಊರುಗಳನ್ನು ಪೋಣಿಸುವ ದಾರ ಯಾವುದು?

ಪುಟ ತಿರುಗಿಸುವವಳು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಯೆಹೂದಿ ಧರ್ಮದ ಇತಿಹಾಸ ಓದುತ್ತಿದ್ದೇನೆ. ಅಬ್ರಹಾಮ, ಮೋಶೆ, ದಾವೀದ ಇವರೆಲ್ಲ ಬೈಬಲ್ಲಿನಿಂದ ಸ್ವಲ್ಪ ಪರಿಚಯ. ಜೆರುಸಲೇಮಿನ ದೇವಾಲಯ ಸುಟ್ಟುಹೋದ ಮೇಲೆ ಮಾತ್ರ ನನಗೆ ದಾರಿ ತಪ್ಪುತ್ತಿದೆ. ಒಂದು ಪುಟದಲ್ಲಿ ಯಾವ್ನೆ, ಮುಂದಿನ ಪುಟದಲ್ಲಿ ಬಾಬಿಲೋನಿನ ಸೂರಾ, ಆಮೇಲೆ ಫ್ರಾನ್ಸಿನ ಟ್ರ್ವಾ, ಗಲಿಲಾಯದ ಸಫೇದ್, ಲಿಥುವೇನಿಯಾದ ವಿಲ್ನಾ. ನೋಟ್‌ಬುಕ್ಕಿನಲ್ಲಿ ಹೆಸರುಗಳೇ ಮೂರು ಪುಟ ತುಂಬಿವೆ. ಬಾಯಿಪಾಠ ಮಾಡುವ ಮನಸ್ಸಿಲ್ಲ. ಊರು ಯಾಕೆ ಬದಲಾಯಿತು? ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿದ್ದಾದರೂ ಏನು? ತಿಳಿದವರು ಸಾವಕಾಶವಾಗಿ ಬರೆಯಿರಿ, ಎಷ್ಟು ಉದ್ದವಾದರೂ ಓದುತ್ತೇನೆ.

ನಿವೃತ್ತ ಮೇಷ್ಟ್ರು

ಮೇಡಂ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಹಿಡಿದು ಹೊರಡೋಣ. ಊರಿಂದ ಊರಿಗೆ ಹೋಗಿದ್ದು ವಾದ. ಗುರು ಶಿಷ್ಯರು ಎದುರು ಬದುರು ಕೂತು ಒಂದು ಮಾತನ್ನು ಎಳೆ ಎಳೆಯಾಗಿ ಬಿಡಿಸುವ ಅಭ್ಯಾಸ.

ಯಾವ್ನೆಯಿಂದ ಶುರು ಮಾಡುತ್ತೇನೆ. ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ಟೈಟಸ್ ಜೆರುಸಲೇಮನ್ನು ಗೆದ್ದ. ಎರಡನೆಯ ದೇವಾಲಯ ಬೆಂಕಿಗೆ ಆಹುತಿಯಾಯಿತು. ಮೊದಲನೆಯದನ್ನು ಕ್ರಿ.ಪೂ. 586ರಲ್ಲಿ ಬಾಬಿಲೋನಿನ ನೆಬುಕಡ್ನೆಜರ್ ಕೆಡವಿದ್ದ. ಇದು ಎಷ್ಟು ದೊಡ್ಡ ಪೆಟ್ಟು ಅಂತ ನಮಗೆ ಬೇಗ ಅಂದಾಜಾಗುವುದಿಲ್ಲ. ನಮ್ಮಲ್ಲಿ ಊರಿಗೆ ನಾಲ್ಕು ಗುಡಿ. ಅವರಿಗೆ ಬಲಿ ಕೊಡಲು ಇದ್ದದ್ದು ಅದೊಂದೇ ಜಾಗ. ಹಬ್ಬದ ಯಾತ್ರೆ ಅಲ್ಲಿಗೆ, ಪಾಪ ಪರಿಹಾರ ಅಲ್ಲಿ, ಪುರೋಹಿತ ಕುಲಕ್ಕೆ ಕೆಲಸ ಅಲ್ಲಿ. ಕಟ್ಟಡದ ಜೊತೆ ಇಷ್ಟೂ ನಿಂತುಹೋಯಿತು. ಇವತ್ತಿಗೂ ಬಲಿ ಇಲ್ಲ.

ಆಗಿನ ಗುರು ಯೋಹಾನಾನ್ ಬೆನ್ ಜಕ್ಕಾಯ್. ತಾಲ್ಮುದ್, ಅಂದರೆ ಪಂಡಿತರ ವಾದಗಳ ದೊಡ್ಡ ಗ್ರಂಥ (ಅದರ ವಿಷಯ ಮುಂದೆ ಬರುತ್ತದೆ), ಹೇಳುವ ಕಥೆ ಹೀಗಿದೆ. ಮುತ್ತಿಗೆ ಹಾಕಿದ ಊರಿನಿಂದ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ಶಿಷ್ಯರು ಗುರುವನ್ನು ಹೆಣದ ಹಾಗೆ ಹೊತ್ತು ಊರಬಾಗಿಲು ದಾಟಿಸಿದರು. ಗುರು ಟೈಟಸ್‌ನ ತಂದೆ, ಆಗ ಸೇನಾಪತಿಯಾಗಿದ್ದ ವೆಸ್ಪಾಸಿಯನ್ ಎದುರು ಹೋಗಿ ನಿಂತು, "ಯಾವ್ನೆಯನ್ನೂ ಅದರ ಪಂಡಿತರನ್ನೂ ನನಗೆ ಬಿಟ್ಟುಕೊಡು" ಅಂತ ಕೇಳಿದರು. ಯಾವ್ನೆ ಅಂದರೆ ಯಾಫಾದ ದಕ್ಷಿಣಕ್ಕೆ, ಕರಾವಳಿ ಬಯಲಿನ ಸಣ್ಣ ಊರು.

ನನಗೆ ಇಷ್ಟವಾಗುವುದು ಆಮೇಲಿನ ಭಾಗ. ಕಥೆ ಹೇಳಿದ ತಾಲ್ಮುದ್ದೇ ಗುರುವನ್ನು ಆಕ್ಷೇಪಿಸುತ್ತದೆ: ಜೆರುಸಲೇಮನ್ನೇ ಉಳಿಸು ಅಂತ ಯಾಕೆ ಕೇಳಲಿಲ್ಲ? ಅಷ್ಟು ಕೇಳಿದ್ದರೆ ಕೊಡುತ್ತಿರಲಿಲ್ಲ, ಇಷ್ಟೂ ಸಿಗುತ್ತಿರಲಿಲ್ಲ ಅಂತ ಉತ್ತರವನ್ನೂ ಬರೆದಿಟ್ಟಿದೆ.

ಇನ್ನೊಂದು ಪ್ರಸಂಗ. ಹೊಸ ವರ್ಷದ ಹಬ್ಬಕ್ಕೆ ಶೋಫಾರ್, ಅಂದರೆ ಟಗರಿನ ಕೊಂಬು ಊದುತ್ತಾರೆ. ಶನಿವಾರ ಅವರ ಪವಿತ್ರ ವಿಶ್ರಾಂತಿಯ ದಿನ, ಹಬ್ಬ ಅಂದು ಬಿದ್ದರೆ ದೇವಾಲಯದಲ್ಲಿ ಮಾತ್ರ ಊದಬಹುದಿತ್ತು. ದೇವಾಲಯ ಹೋದ ಮೇಲೆ ಅಂಥ ಒಂದು ಶನಿವಾರ ಯಾವ್ನೆಯಲ್ಲಿ ಜನ ಸೇರಿದರು. ಊದಬೇಕೋ ಬೇಡವೋ ಚರ್ಚಿಸೋಣ ಅಂದರು ಕೆಲವರು. "ಮೊದಲು ಊದೋಣ, ಆಮೇಲೆ ಚರ್ಚಿಸೋಣ" ಅಂದರು ಯೋಹಾನಾನ್. ಊದಿಯಾಯಿತು. ಈಗ ಚರ್ಚೆ ಅಂದಾಗ, "ಯಾವ್ನೆಯಲ್ಲಿ ಕೊಂಬಿನ ದನಿ ಕೇಳಿಯಾಯಿತಲ್ಲ" ಅಂದರಂತೆ. ದೇವಾಲಯಕ್ಕೆ ಸೇರಿದ್ದ ಒಂದು ಹಕ್ಕು ಹೀಗೆ ಪಂಡಿತರ ಸಭೆಗೆ ಬಂತು.

ಕಲ್ಲು ಶಾಸನ

ಮೇಷ್ಟ್ರೇ, ಒಂದು ತಕರಾರು. ಗುರುವನ್ನು ಹೆಣದ ಹಾಗೆ ಹೊತ್ತೊಯ್ದ ಕಥೆ ಘಟನೆಗೆ ಎಷ್ಟೋ ತಲೆಮಾರು ಆದ ಮೇಲೆ ಬರಹಕ್ಕೆ ಬಂದದ್ದು. ಅದರಲ್ಲೂ ಬೇರೆ ಬೇರೆ ಪಾಠಗಳಿವೆ. ನೀನು ಚಕ್ರವರ್ತಿ ಆಗುತ್ತೀಯ ಅಂತ ವೆಸ್ಪಾಸಿಯನ್‌ಗೆ ಮೊದಲೇ ಹೇಳಿದ್ದು ತಾನು ಅಂತ ಇತಿಹಾಸಕಾರ ಜೋಸೆಫಸ್ ಕೂಡ ಬರೆದುಕೊಂಡಿದ್ದಾನೆ. ಯೋಹಾನಾನ್ ಕಥೆಯಲ್ಲೂ ಅದೇ ಭವಿಷ್ಯವಾಣಿ ಇದೆ. ಹಾಗಾಗಿ ಅದನ್ನು ಕಥೆ ಅಂತಲೇ ಓದಬೇಕು.

ಇನ್ನೂ ಮುಖ್ಯವಾದದ್ದು, ಯಾವ್ನೆಯಲ್ಲಿ ಎಲ್ಲವೂ ಒಂದೇ ದಿನ ಹುಟ್ಟಲಿಲ್ಲ. ಜೆರುಸಲೇಮಿನಲ್ಲಿ ಗ್ರೀಕ್ ಭಾಷೆಯ ಒಂದು ಶಿಲಾಶಾಸನ ಸಿಕ್ಕಿದೆ. ಥಿಯೊಡೋಟಸ್ ಅನ್ನುವವನು ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ ಕಟ್ಟಿಸಿದ್ದರ ಬಗ್ಗೆ. ಅದು ದೇವಾಲಯ ಇನ್ನೂ ನಿಂತಿದ್ದ ಕಾಲದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಯಾತಕ್ಕೆ ಕಟ್ಟಿಸಿದ? ಧರ್ಮಶಾಸ್ತ್ರ ಓದುವುದಕ್ಕೆ, ಆಜ್ಞೆಗಳನ್ನು ಕಲಿಸುವುದಕ್ಕೆ, ಪರವೂರಿಂದ ಬಂದವರು ಉಳಿದುಕೊಳ್ಳುವುದಕ್ಕೆ. ನೀರಿನ ವ್ಯವಸ್ಥೆಯ ಮಾತೂ ಅದರಲ್ಲಿದೆ. ಅಂದರೆ ದೇವಾಲಯದ ಪಕ್ಕದಲ್ಲೇ ಓದುವ ಮನೆಯೂ ಇತ್ತು. ಆಗ ಪಂಗಡಗಳೂ ಹಲವು. ಸದ್ದುಕಾಯರು ದೇವಾಲಯದ ಪುರೋಹಿತ ಮನೆತನಗಳಿಗೆ ಹತ್ತಿರದವರು. ಎಸ್ಸೀನರು ಊರು ಬಿಟ್ಟು ದೂರ ಇದ್ದವರು. 1947ರಿಂದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಸುರುಳಿಗಳು ಇವರವು ಅಂತ ತುಂಬ ಜನ ನಂಬುತ್ತಾರೆ. ಫರಿಸಾಯರು ಮಾತ್ರ ಶುದ್ಧಿ, ಊಟ, ಶನಿವಾರದ ನಿಯಮಗಳನ್ನು ಮನೆಯೊಳಗೆ ತಂದುಕೊಂಡಿದ್ದರು. ಕಟ್ಟಡ ಬಿದ್ದಾಗ ಅವರ ದಾರಿ ಸಿದ್ಧವಾಗಿತ್ತು.

ನಿವೃತ್ತ ಮೇಷ್ಟ್ರು

ಒಪ್ಪಿದೆ. ಥಿಯೊಡೋಟಸ್ ಶಾಸನವನ್ನು ನಾನೇ ಹೇಳಬೇಕಿತ್ತು, ನೆನಪಿಸಿದ್ದಕ್ಕೆ ಸಂತೋಷ.

ಯಾವ್ನೆಯ ಕಾಲವೂ ಬಹಳ ದಿನ ನಡೆಯಲಿಲ್ಲ. 132ರಿಂದ 135ರವರೆಗೆ ಬಾರ್ ಕೊಖ್ಬಾನ ದಂಗೆ. ಹೇಡ್ರಿಯನ್ ಚಕ್ರವರ್ತಿ ಅದನ್ನು ಕ್ರೂರವಾಗಿ ತುಳಿದ. ಉಳಿದ ಪಂಡಿತರು ಉತ್ತರದ ಗಲಿಲಾಯಕ್ಕೆ ಹೋದರು. ಅಲ್ಲಿ ಸುಮಾರು 200ರ ಹೊತ್ತಿಗೆ ಯೆಹೂದಾ ಹನಾಸಿ ಅನ್ನುವ ಗುರು, ಬಾಯಿಂದ ಬಾಯಿಗೆ ಬಂದಿದ್ದ ನಿಯಮಗಳನ್ನು ಆರು ಭಾಗಗಳಾಗಿ ಜೋಡಿಸಿದರು. ಅದು ಮಿಶ್ನಾ. ಇದರಲ್ಲಿ ಆಗ ನಿಂತುಹೋಗಿದ್ದ ಬಲಿಗಳ ನಿಯಮಗಳಿಗೆ ಒಂದು ಇಡೀ ಭಾಗವೇ ಇದೆ! ಇಲ್ಲದ ದೇವಾಲಯದ ಅಳತೆ ಕೂಡ ಬರೆದಿಟ್ಟಿದ್ದಾರೆ. ಓದುವಾಗ ನನಗೆ ಗಂಟಲು ಕಟ್ಟುತ್ತದೆ.

ಮಿಶ್ನಾ ಬಾಬಿಲೋನಿಗೂ ಹೋಯಿತು. ಮೊದಲ ದೇವಾಲಯ ಬಿದ್ದಾಗ ಸೆರೆ ಹೋದವರ ವಂಶ ಅಲ್ಲೇ ಬೇರೂರಿತ್ತು. ಯೂಫ್ರೆಟಿಸ್ ಕಡೆಯ ಸೂರಾದಲ್ಲಿ ರಾವ್ ಅನ್ನುವ ಗುರು ಪಾಠಶಾಲೆ ತೆರೆದರು. ಇಂದಿನ ಇರಾಕಿನ ಫಲ್ಲೂಜಾ ಹತ್ತಿರ ಪುಂಬೆದಿತಾ ಅಂತ ಇನ್ನೊಂದು. ಮಿಶ್ನಾದ ಒಂದೊಂದು ಸಾಲು ಹಿಡಿದು ಮುನ್ನೂರು ವರ್ಷ ವಾದ ಮಾಡಿದರು. ಆ ವಾದವೇ ಗೆಮಾರಾ. ಮಿಶ್ನಾ, ಗೆಮಾರಾ ಸೇರಿದರೆ ತಾಲ್ಮುದ್. ಗಲಿಲಾಯದಲ್ಲಿ ಆದದ್ದು ಜೆರುಸಲೇಮ್ ತಾಲ್ಮುದ್, ಇಲ್ಲಿ ಆದದ್ದು ಬಾಬಿಲೋನ್ ತಾಲ್ಮುದ್. ಸುಮ್ಮನೆ ತಾಲ್ಮುದ್ ಅಂದರೆ ಎರಡನೆಯದು.

ಹಿಲ್ಲೆಲ್, ಶಮ್ಮಾಯ್ ಅನ್ನುವ ಗುರುಗಳ ಎರಡು ಮನೆಗಳು, ಅಂದರೆ ಶಿಷ್ಯ ಪರಂಪರೆಗಳು, ಅದರ ತುಂಬಾ ವಾದಿಸುತ್ತವೆ. ಹೆಚ್ಚಾಗಿ ಹಿಲ್ಲೆಲ್ ಮನೆಯ ತೀರ್ಪೇ ಆಚರಣೆಗೆ ಬಂತು. ಯಾಕೆ ಅಂತ ತಾಲ್ಮುದ್ ಕಾರಣ ಕೊಡುತ್ತದೆ: ಅವರು ತಾಳ್ಮೆಯವರು, ಎದುರಾಳಿಯ ಮಾತನ್ನೂ ಪಾಠ ಹೇಳುತ್ತಿದ್ದರು, ಅದೂ ತಮ್ಮ ಮಾತಿಗಿಂತ ಮೊದಲು.

ಪುಟ ತಿರುಗಿಸುವವಳು

ಮೇಷ್ಟ್ರೇ, ಇದನ್ನು ಓದಿ ನೋಟ್‌ಬುಕ್ಕಿನ ಮೊದಲ ಪುಟ ಹರಿದು ಹೊಸದಾಗಿ ಬರೆದೆ. ಒಂದು ಸಣ್ಣ ಸಂದೇಹ. ತಾಲ್ಮುದ್ ಪುಟದ ಚಿತ್ರ ನೋಡಿದೆ. ನಡುವೆ ಒಂದು ಕಂಬ, ಸುತ್ತ ಬೇರೆ ಬೇರೆ ಅಕ್ಷರದ ಬರಹ. ಯಾವುದು ಯಾರದು?

ಅಚ್ಚುಮೊಳೆ

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವನು ನಾನು. ಆ ಪುಟ ಮೊದಲ ಸಲ ನೋಡಿದಾಗ ಇದನ್ನು ಕಟ್ಟಿದ ಕಂಪಾಸಿಟರ್‌ಗೆ ಮನಸ್ಸಿನಲ್ಲೇ ಕೈಮುಗಿದೆ.

ನಡುವೆ ದೊಡ್ಡ ಚೌಕಾಕ್ಷರದಲ್ಲಿ ಇರುವುದು ಮಿಶ್ನಾ ಮತ್ತು ಗೆಮಾರಾ. ಹೊಲಿಗೆಯ ಕಡೆ, ಅಂದರೆ ಪುಸ್ತಕದ ಬೆನ್ನಿನ ಕಡೆ ಇರುವುದು ರಾಶಿಯ ವ್ಯಾಖ್ಯಾನ. ರಾಶಿ ಟ್ರ್ವಾ ಊರಿನವರು, 1040ರಿಂದ 1105ರವರೆಗೆ ಬದುಕಿದವರು. ಕಷ್ಟದ ಶಬ್ದ ಬಂದರೆ ಎರಡೇ ಮಾತಿನಲ್ಲಿ ಬಿಡಿಸುತ್ತಾರೆ. ಕೆಲವು ಕಡೆ ಆಗಿನ ಫ್ರೆಂಚ್ ಮಾತನ್ನೇ ಹೀಬ್ರೂ ಲಿಪಿಯಲ್ಲಿ ಬರೆದು "ಇದೇ ಅದು" ಅನ್ನುತ್ತಾರೆ. ಹಳೆಯ ಫ್ರೆಂಚ್ ಕಲಿಯುವವರು ಇವತ್ತು ಆ ಶಬ್ದಗಳಿಗಾಗಿ ರಾಶಿಯನ್ನು ಓದುತ್ತಾರೆ. ಹೊರ ಅಂಚಿನ ಕಡೆ ಇರುವುದು ತೋಸಾಫೋತ್. ರಾಶಿಯ ಮೊಮ್ಮಕ್ಕಳೂ ಅವರ ಶಿಷ್ಯರೂ ಬರೆದದ್ದು. ತಾತ ಇಲ್ಲಿ ಹೀಗೆ ಹೇಳಿದ್ದು ಆ ಇನ್ನೊಂದು ಪುಟದ ಮಾತಿಗೆ ಹೊಂದುವುದಿಲ್ಲವಲ್ಲ ಅಂತ ಪಟ್ಟು ಹಿಡಿಯುವವರು. ತಾತ ಒಂದು ಕಡೆ, ಮೊಮ್ಮಕ್ಕಳು ಇನ್ನೊಂದು ಕಡೆ, ನಡುವೆ ಮೂಲ.

ರಾಶಿಯ ಭಾಗಕ್ಕೆ ಬಳಸುವ ಓರೆ ಅಕ್ಷರಕ್ಕೆ ರಾಶಿ ಲಿಪಿ ಅಂತಲೇ ಹೆಸರು. ಅವರು ಹಾಗೆ ಬರೆದವರಲ್ಲ. ಸ್ಪೇನಿನ ಯೆಹೂದಿಗಳ ಕೈಬರಹವನ್ನು ನೋಡಿ ಮೊಳೆ ಎರಕ ಹೊಯ್ದರು. 1475ರಲ್ಲಿ ಇಟಲಿಯಲ್ಲಿ ಅಚ್ಚಾದ ರಾಶಿ ವ್ಯಾಖ್ಯಾನದಲ್ಲಿ ಅದು ಬಂತು, ಹೆಸರು ಅಂಟಿಕೊಂಡಿತು.

ಬಾಬಿಲೋನ್ ತಾಲ್ಮುದ್ದನ್ನು ಮೊದಲು ಪೂರ್ತಿ ಅಚ್ಚು ಹಾಕಿದ್ದು ವೆನಿಸ್‌ನಲ್ಲಿ, 1520ರಿಂದ 1523ರ ನಡುವೆ. ಅಚ್ಚುಕೂಟದ ಯಜಮಾನ ಡೇನಿಯಲ್ ಬೊಂಬರ್ಗ್, ಕ್ರೈಸ್ತ. ಅವರು ಹಾಕಿದ ಹಾಳೆ ಸಂಖ್ಯೆಯೇ ಇವತ್ತಿಗೂ ನಡೆಯುತ್ತಿದೆ. ಯಾವ ದೇಶದಲ್ಲಿ ಅಚ್ಚಾದರೂ ಅದೇ ಸಾಲು ಅದೇ ಹಾಳೆಯಲ್ಲಿ ಸಿಗುತ್ತದೆ. ಒಟ್ಟು 2,711 ಹಾಳೆ. 1923ರಿಂದ ದಿನಕ್ಕೊಂದು ಹಾಳೆ ಓದುವ ಪದ್ಧತಿ ಇದೆ. ಮೇಯರ್ ಶಪೀರೊ ಅನ್ನುವ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಶುರು ಮಾಡಿಸಿದ್ದು. ಒಂದು ಸುತ್ತು ಮುಗಿಯಲು ಏಳೂವರೆ ವರ್ಷ ಬೇಕು.

ಒಂದು ಶಬ್ದ ನಿಮ್ಮ ನೋಟ್‌ಬುಕ್ಕಿಗೆ: ತೇಕು. ವಾದ ಬಗೆಹರಿಯದಿದ್ದರೆ ಕೊನೆಗೆ ಹೀಗೆ ಬರೆಯುತ್ತಾರೆ. "ನಿಲ್ಲಲಿ" ಅಂತ ಅರ್ಥ. ಇವತ್ತಿನ ಹೀಬ್ರೂವಿನಲ್ಲಿ ಫುಟ್‌ಬಾಲ್ ಪಂದ್ಯ ಸಮ ಆದರೂ ತೇಕು ಅಂತಲೇ ಹೇಳುತ್ತಾರೆ.

ಬಂದರು ರಸ್ತೆ

ಮಂಗಳೂರಿನಿಂದ ಬರೆಯುತ್ತಿದ್ದೇನೆ. ಈ ಕಥೆಯಲ್ಲಿ ನಮ್ಮ ಊರೂ ಬರುತ್ತದೆ, ಅದನ್ನು ಹೇಳದೆ ಇರಲಾರೆ.

ಈಜಿಪ್ಟಿನ ಹಳೆ ಕೈರೋ, ಆಗ ಅದರ ಹೆಸರು ಫುಸ್ತಾತ್. ಅಲ್ಲಿನ ಬೆನ್ ಎಜ್ರಾ ಸಿನಗಾಗಿನಲ್ಲಿ ಒಂದು ಕತ್ತಲೆ ಕೋಣೆ ಇತ್ತು. ಗೆನಿಜಾ ಅಂತಾರೆ. ದೇವರ ಹೆಸರು ಇರುವ ಕಾಗದವನ್ನು ಎಸೆಯಬಾರದು ಅಂತ ನಿಯಮ, ಹಾಗಾಗಿ ಹರಿದ ಕಾಗದಗಳನ್ನೆಲ್ಲ ಅದರಲ್ಲಿ ಹಾಕುತ್ತಿದ್ದರು. ಬರಬರುತ್ತ ಲೆಕ್ಕಪತ್ರ, ಮದುವೆ ಕರಾರು, ಮಗುವಿನ ಅಕ್ಷರಾಭ್ಯಾಸದ ಹಾಳೆ, ವ್ಯಾಪಾರದ ಕಾಗದ ಎಲ್ಲವೂ ಸೇರಿದವು. ಒಣ ಹವೆಗೆ ಹಾಳಾಗದೆ ಉಳಿದವು. 1896-97ರಲ್ಲಿ ಸಾಲೊಮನ್ ಶೆಖ್ಟರ್ ಅನ್ನುವ ವಿದ್ವಾಂಸರು ಹೋಗಿ ಲಕ್ಷಕ್ಕೂ ಹೆಚ್ಚು ತುಣುಕುಗಳನ್ನು ಕೇಂಬ್ರಿಜ್‌ಗೆ ತಂದರು.

ಅದರಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ವ್ಯಾಪಾರಿಯ ಕಾಗದಗಳಿವೆ. ಹುಟ್ಟಿದ್ದು ಟುನೀಶಿಯಾದ ಕಡಲತಡಿಯ ಮಹ್ದಿಯಾದಲ್ಲಿ. 12ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದು ಸುಮಾರು ಹದಿನೇಳು ವರ್ಷ ಇದ್ದರು. ಕಾಗದಗಳಲ್ಲಿ ಊರಿನ ಹೆಸರು ಮಂಜರೂರ್ ಅಂತ ಇದೆ, ಮಂಗಳೂರೇ. 1132ರಲ್ಲಿ ಆಶು ಅನ್ನುವ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟರು. ಅವರ ಮಕ್ಕಳ ತಾಯಿ ಆಕೆಯೇ ಅಂತ ವಿದ್ವಾಂಸರು ಹೇಳುತ್ತಾರೆ. ಇಲ್ಲಿ ಅವರಿಗೆ ಕಂಚು ಹಿತ್ತಾಳೆಯ ಕಾರ್ಖಾನೆ ಇತ್ತು. ಯೆಮೆನ್‌ನ ಏಡನ್ ಬಂದರಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿಗೆ ಹಾಕಿ, ಇಷ್ಟು ತೂಕದ್ದು, ಇಂಥ ಆಕಾರದ್ದು ಮಾಡಿಸಿ ಕಳಿಸು ಅಂತ ಬರೆಯುತ್ತಿದ್ದರು. ಇಲ್ಲಿಂದ ಕಬ್ಬಿಣ, ಮೆಣಸು, ಅಡಿಕೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿತ್ತು. ಕಾಗದ ಆಗ ಇಲ್ಲಿ ಸಿಗದ ವಸ್ತು. ಅದಕ್ಕೇ ಬಂದ ಪತ್ರದ ಖಾಲಿ ಜಾಗದಲ್ಲಿ ಬೆನ್ ಯಿಜು ಲೆಕ್ಕ ಬರೆದಿದ್ದಾರೆ, ಪದ್ಯವನ್ನೂ ಬರೆದಿದ್ದಾರೆ. ಅವರ ಪರವಾಗಿ ಹಡಗು ಹತ್ತಿ ವ್ಯವಹಾರ ಮಾಡುತ್ತಿದ್ದ ಆಳಿನ ಹೆಸರು ಬೊಮ್ಮ ಇರಬೇಕು ಅಂತ ಓದಿದ್ದಾರೆ. ಏಡನ್‌ನ ದೊಡ್ಡ ವ್ಯಾಪಾರಿ ಪತ್ರದಲ್ಲಿ ಅವನ ಕ್ಷೇಮ ವಿಚಾರಿಸುತ್ತಾರೆ.

ಇದೇ ಫುಸ್ತಾತ್‌ನಲ್ಲಿ ಇದ್ದವರು ಮೈಮೊನಿಡಿಸ್. ಯೆಹೂದಿ ಧರ್ಮಶಾಸ್ತ್ರವನ್ನು ಹದಿನಾಲ್ಕು ಭಾಗಗಳಲ್ಲಿ ಕ್ರಮವಾಗಿ ಜೋಡಿಸಿದ ಮಹಾ ಪಂಡಿತ, ವೈದ್ಯ. ಹುಟ್ಟಿದ್ದು ಸ್ಪೇನಿನ ಕಾರ್ಡೊಬಾದಲ್ಲಿ, ತೀರಿಕೊಂಡಿದ್ದು 1204ರಲ್ಲಿ. ಅವರ ತಮ್ಮ ದಾವೀದ್ ರತ್ನದ ವ್ಯಾಪಾರಿ. ಅಣ್ಣ ಓದಲಿ ಅಂತ ತಮ್ಮ ದುಡಿಯುತ್ತಿದ್ದ. ಭಾರತದ ಕಡೆ ಹೊರಟ ದಾವೀದ್ ಕಡಲಿನಲ್ಲಿ ಮುಳುಗಿಹೋದ. ಎಷ್ಟೋ ವರ್ಷದ ಮೇಲೆ ಮೈಮೊನಿಡಿಸ್ ಒಂದು ಪತ್ರದಲ್ಲಿ ಬರೆಯುತ್ತಾರೆ, ಸುದ್ದಿ ಬಂದ ಮೇಲೆ ಸುಮಾರು ಒಂದು ವರ್ಷ ಹಾಸಿಗೆ ಹಿಡಿದಿದ್ದೆ, ಅವನ ಕೈಬರಹ ಕಂಡಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ ಅಂತ. ಹಡಗು ಹತ್ತುವ ಮೊದಲು ಕೆಂಪು ಸಮುದ್ರದ ದಡದಿಂದ ದಾವೀದ್ ಅಣ್ಣನಿಗೆ ಬರೆದ ಕಾಗದವೂ ಗೆನಿಜಾದಲ್ಲಿ ಸಿಕ್ಕಿದೆ. ಪಣಂಬೂರಿನ ದಡದಲ್ಲಿ ನಿಂತಾಗ ನನಗೆ ಆ ಕಾಗದದ ನೆನಪಾಗುತ್ತದೆ.

ಠಾಣೆ ಕನ್ನಡತಿ

ಎಲ್ಲವೂ ಚೆನ್ನಾಗಿದೆ. ಆದರೆ ಮೇಷ್ಟ್ರೇ, ವಾದವೇ ಎಲ್ಲವನ್ನೂ ಹೊತ್ತುಕೊಂಡು ಹೋಯಿತು ಅನ್ನುವ ನಿಮ್ಮ ಮಾತಿಗೆ ನಾನು ಪೂರ್ತಿ ಒಪ್ಪುವುದಿಲ್ಲ. ಮೂವತ್ತು ವರ್ಷದಿಂದ ಠಾಣೆಯಲ್ಲಿದ್ದೇನೆ. ನಮ್ಮ ಕಟ್ಟಡದಲ್ಲಿ ಬೆನೆ ಇಸ್ರೇಲ್, ಅಂದರೆ ಕೊಂಕಣದ ಯೆಹೂದಿ ಕುಟುಂಬ ಇತ್ತು. ಮನೆಮಾತು ಮರಾಠಿ. ಇವರ ಹಿರಿಯರು ಕೊಂಕಣದ ತೀರದಲ್ಲಿ ಹಡಗು ಒಡೆದು ದಡ ಸೇರಿದ ಏಳು ಗಂಡು ಏಳು ಹೆಣ್ಣು ಅಂತ ಅವರ ಹೇಳಿಕೆ. ಗಾಣದ ಎಣ್ಣೆ ತೆಗೆಯುವ ಕೆಲಸ, ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ಸುತ್ತಲಿನವರು "ಶನಿವಾರ ತೇಲಿ" ಅಂತ ಕರೆದರು. ಎಷ್ಟೋ ಶತಮಾನ ಅವರ ಹತ್ತಿರ ತಾಲ್ಮುದ್ ಇರಲಿಲ್ಲ, ರಬ್ಬಿ ಇರಲಿಲ್ಲ. ಶನಿವಾರ ಇತ್ತು, ಸುನ್ನತಿ ಇತ್ತು, "ಇಸ್ರಾಯೇಲೇ ಕೇಳು" ಅನ್ನುವ ಶೆಮಾ ಪ್ರಾರ್ಥನೆ ಇತ್ತು. ಊಟದ ನಿಯಮ ಇತ್ತು. ಅಷ್ಟರಲ್ಲೇ ಉಳಿದರು.

ಅವರ ಮನೆಯ ಮಲಿದಾ ನೋಡಿದ್ದೇನೆ. ದೊಡ್ಡ ತಟ್ಟೆಯಲ್ಲಿ ನೆನೆಸಿದ ಅವಲಕ್ಕಿ, ಬೆಲ್ಲ, ಕಾಯಿತುರಿ, ಏಲಕ್ಕಿ, ಸುತ್ತ ಹಣ್ಣು. ಪ್ರವಾದಿ ಎಲೀಯನ ಹೆಸರು ಹೇಳಿ ಹಾಡಿ, ಆಮೇಲೆ ಹಂಚುತ್ತಾರೆ. ಆಂಟಿ ನನ್ನ ಕೈಗೆ ಅವಲಕ್ಕಿ ಹಾಕಿ, "ನಿಮ್ಮ ಮನೇಲೂ ಮಾಡ್ತೀರಲ್ಲ" ಅಂದಿದ್ದರು. ಈ ಅವಲಕ್ಕಿ ಯಾವ ಹಾಳೆಯಲ್ಲೂ ಇಲ್ಲ.

ಹಾಳೆಯಲ್ಲಿ ಇಲ್ಲದ್ದಕ್ಕೆ ಅವರು ನೋವನ್ನೂ ತಿಂದರು. ಇಸ್ರೇಲಿಗೆ ಹೋದ ಮೇಲೆ, ನಿಮ್ಮ ಮದುವೆ ವಿಚ್ಛೇದನಗಳು ಧರ್ಮಶಾಸ್ತ್ರದ ಪ್ರಕಾರ ಆಗಿದ್ದವೋ ಇಲ್ಲವೋ ಅಂತ ರಬ್ಬಿಗಳು ಸಂದೇಹ ಎತ್ತಿದರು. ಇವರು ಬೀದಿಗೆ ಇಳಿದು ಹೋರಾಡಿದ ಮೇಲೆ, 1964ರಲ್ಲಿ ಅಲ್ಲಿನ ಸಂಸತ್ತು ಇವರೂ ಎಲ್ಲರ ಸಮಾನ ಯೆಹೂದಿಗಳು ಅಂತ ಹೇಳಿತು.

ಅಂದಹಾಗೆ ಮುಂಬಯಿಯ ಮೊದಲ ಸಿನಗಾಗಿಗೂ ಶ್ರೀರಂಗಪಟ್ಟಣಕ್ಕೂ ನಂಟಿದೆ. ಸಾಮ್ಯುಯೆಲ್ ದಿವೇಕರ್ ಇಂಗ್ಲಿಷರ ಸೇನೆಯಲ್ಲಿದ್ದು, ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆ ಸಿಕ್ಕಿದ್ದರು. ಬದುಕಿ ಬಂದರೆ ಸಿನಗಾಗ್ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದರಂತೆ. 1796ರಲ್ಲಿ ಕಟ್ಟಿಸಿದರು.

ನಿವೃತ್ತ ಮೇಷ್ಟ್ರು

ತಂಗೀ, ನಿಮ್ಮ ಮಾತು ನನ್ನನ್ನು ತಿದ್ದಿತು. ಇಥಿಯೋಪಿಯಾದ ಬೇಟಾ ಇಸ್ರೇಲ್ ಜನರೂ ಹೀಗೇ ತಾಲ್ಮುದ್ ಇಲ್ಲದೆ ಬಾಳಿದವರು. 8ನೇ ಶತಮಾನದ ಬಾಬಿಲೋನಿನಲ್ಲಿ ಅನಾನ್ ಬೆನ್ ದಾವೀದ್ ಅನ್ನುವವರ ಹೆಸರಿನ ಜೊತೆ ಶುರುವಾದ ಕರಾಯ್ಟ್ ಪಂಥವಂತೂ ಬೇಕೆಂದೇ ಅದನ್ನು ಬಿಟ್ಟಿತು. ಬೈಬಲ್ ಸಾಕು ಅಂದಿತು. ಅವರ ವಿರುದ್ಧ ಸೂರಾದ ಮುಖ್ಯಗುರು ಸಾದಿಯಾ ಜೀವನವಿಡೀ ಬರೆದರು. ಹಾಗಾಗಿ ದಾರ ಒಂದೇ ಅಲ್ಲ, ಸುತ್ತ ಇನ್ನೂ ಎಳೆಗಳಿವೆ ಅಂತ ನೋಟ್‌ಬುಕ್ಕಿನಲ್ಲಿ ತಿದ್ದಿಕೊಳ್ಳಿ ಮೇಡಂ.

ಉಳಿದ ಊರುಗಳನ್ನು ಬೇಗ ಹೇಳಿಬಿಡುತ್ತೇನೆ. ಸ್ಪೇನಿಗೆ ಹೀಬ್ರೂವಿನಲ್ಲಿ ಸೆಫರಾದ್, ಜರ್ಮನಿಯ ಕಡೆಗೆ ಅಶ್ಕೆನಾಜ್. ಸೆಫಾರ್ದಿ, ಅಶ್ಕೆನಾಜಿ ಅನ್ನುವ ಹೆಸರು ಹುಟ್ಟಿದ್ದು ಹೀಗೆ. 1492ರಲ್ಲಿ ಸ್ಪೇನಿನ ರಾಜ ರಾಣಿ ಯೆಹೂದಿಗಳನ್ನು ಹೊರಹಾಕಿದರು. ತುಂಬ ಜನ ಒಟ್ಟೋಮನ್ ಸುಲ್ತಾನನ ನಾಡಿಗೆ ಹೋದರು. ಗಲಿಲಾಯದ ಗುಡ್ಡದ ಮೇಲಿನ ಸಫೇದ್ ಹೀಗೆ ತುಂಬಿಕೊಂಡಿತು. ಐಸಾಕ್ ಲೂರಿಯಾ ಅಲ್ಲಿ ಎರಡೇ ವರ್ಷ ಕಲಿಸಿ 1572ರಲ್ಲಿ ತೀರಿಕೊಂಡರು. ಅಷ್ಟರಲ್ಲೇ ಕಬ್ಬಾಲಾ ಅನ್ನುವ ಅನುಭಾವದ ದಾರಿಗೆ ಹೊಸ ರೂಪ ಬಂತು. ಅದೇ ಊರಿನ ಯೋಸೆಫ್ ಕಾರೋ ದಿನಬಳಕೆಯ ನಿಯಮಗಳ ಗ್ರಂಥ ಬರೆದು "ಷುಲ್ಖಾನ್ ಆರುಖ್" ಅಂತ ಹೆಸರಿಟ್ಟರು, ಅಣಿಮಾಡಿದ ಊಟದ ಮೇಜು ಅಂತ ಅರ್ಥ. ಅದು ಸೆಫಾರ್ದಿ ಪದ್ಧತಿಯದು. ಪೋಲೆಂಡಿನ ಕ್ರಾಕೋವ್‌ನಲ್ಲಿದ್ದ ಮೋಸೆಸ್ ಇಸರ್ಲೆಸ್ ಅಶ್ಕೆನಾಜಿ ಪದ್ಧತಿಯ ಟಿಪ್ಪಣಿ ಸೇರಿಸಿ "ಮಪ್ಪಾ" ಅಂದರು, ಆ ಮೇಜಿನ ಮೇಲೆ ಹಾಸುವ ಬಟ್ಟೆ! ಎರಡೂ ಒಟ್ಟಿಗೇ ಅಚ್ಚಾಗುತ್ತವೆ. ವ್ಯತ್ಯಾಸ ಎಂಥದ್ದು ಅಂದರೆ, ಪಾಸ್ಕ ಹಬ್ಬದಲ್ಲಿ ಸೆಫಾರ್ದಿಗಳು ಸಾಮಾನ್ಯವಾಗಿ ಅನ್ನ ಉಣ್ಣುತ್ತಾರೆ, ಅಶ್ಕೆನಾಜಿಗಳಲ್ಲಿ ಸಂಪ್ರದಾಯಸ್ಥರು ಅನ್ನ ಬೇಳೆ ಎರಡನ್ನೂ ಮುಟ್ಟುವುದಿಲ್ಲ.

ವಿಲ್ನಾ 18ನೇ ಶತಮಾನದ್ದು. ಉಕ್ರೇನಿನ ಕಡೆ ಬಾಲ್ ಶೆಮ್ ತೋವ್ ಅನ್ನುವ ಗುರು, ಓದು ಬಾರದವನೂ ಮನಸಾರೆ ಹಾಡಿ ಕುಣಿದು ದೇವರನ್ನು ಮುಟ್ಟಬಹುದು ಅಂತ ಕಲಿಸಿದರು. ಅವರ ಹಿಂದೆ ಹೋದವರು ಹಸೀದರು. 1772ರಲ್ಲಿ ವಿಲ್ನಾದ ಮಹಾಪಂಡಿತ ಎಲೀಯ ಅವರ ಬೆಂಬಲದೊಂದಿಗೆ ಹಸೀದರಿಗೆ ಬಹಿಷ್ಕಾರ ಹಾಕಿದರು. ವಿರೋಧಿಸಿದವರಿಗೆ "ಮಿತ್ನಗ್ದಿಮ್" ಅಂತಲೇ ಹೆಸರಾಯಿತು, ವಿರೋಧಿಗಳು ಅಂತ ಅರ್ಥ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬರ್ಲಿನ್ನಿನ ಕಡೆಯಿಂದ ಹಸ್ಕಾಲಾ, ಅಂದರೆ ಹೊಸ ತಿಳಿವಳಿಕೆಯ ಗಾಳಿ ಬೀಸಿತು. ಮೋಸೆಸ್ ಮೆಂಡೆಲ್ಸನ್ ಅದರ ದೊಡ್ಡ ಹೆಸರು. 1818ರಲ್ಲಿ ಹ್ಯಾಂಬರ್ಗ್‌ನ ಸುಧಾರಣಾವಾದಿಗಳು ಜರ್ಮನ್ ಪ್ರಾರ್ಥನೆ, ಆರ್ಗನ್ ವಾದ್ಯ ತಂದರು. ಅದಕ್ಕೆ ಎದುರು ನಿಂತವರು ಆರ್ಥೊಡಾಕ್ಸ್ ಅನಿಸಿಕೊಂಡರು. 1897ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹರ್ಜ್ಲ್ ಮೊದಲ ಜಿಯೋನಿಸ್ಟ್ ಸಮ್ಮೇಳನ ನಡೆಸಿದರು, ಯೆಹೂದಿಗಳಿಗೆ ತಮ್ಮದೇ ನಾಡು ಬೇಕು ಅನ್ನುವವರ ಸಮ್ಮೇಳನ. ಅದೇ ವರ್ಷ ವಿಲ್ನಾದಲ್ಲಿ ಕಾರ್ಮಿಕರು ಬುಂಡ್ ಪಕ್ಷ ಕಟ್ಟಿ, ನಾವು ಇರುವ ನೆಲದಲ್ಲೇ ನಮ್ಮ ಯಿದ್ದಿಷ್ ಮಾತಿನಲ್ಲೇ ಹಕ್ಕು ಕೇಳುತ್ತೇವೆ ಅಂದರು.

ಪುಟ ತಿರುಗಿಸುವವಳು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಲಿ. ಮಲಿದಾದ ಅವಲಕ್ಕಿಯನ್ನೂ ಬರೆದುಕೊಂಡಿದ್ದೇನೆ. ಬಂದರು ರಸ್ತೆ ಸರ್, ಒಂದು ಕೇಳಬೇಕಿತ್ತು. ಆಶು ಮತ್ತು ಮಕ್ಕಳು ಏನಾದರು?

ಬಂದರು ರಸ್ತೆ

1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಹೋದರು. ಅಷ್ಟರಲ್ಲಿ ನಾರ್ಮನ್ನರು ಮಹ್ದಿಯಾವನ್ನು ಗೆದ್ದಿದ್ದರು, ಅಣ್ಣತಮ್ಮಂದಿರು ಸಿಸಿಲಿಗೆ ಚೆದುರಿದ್ದರು. ಮಗಳಿಗೆ ಏಡನ್ನಿನ ಶ್ರೀಮಂತರ ಮನೆಯಿಂದ ಸಂಬಂಧ ಬಂದಿತ್ತು. ಬೆನ್ ಯಿಜು ಅದನ್ನು ಬಿಟ್ಟು, ನನ್ನ ಸೋದರನ ಮಗನಿಗೇ ಕೊಡುತ್ತೇನೆ ಅಂತ ಸಿಸಿಲಿಗೆ ಬರೆದರು. ಮಗ ಯೆಮೆನ್‌ನಲ್ಲೇ ತೀರಿಕೊಂಡ. 1156ರಲ್ಲಿ ಫುಸ್ತಾತ್‌ನಲ್ಲಿ ಮಗಳು ಸಿತ್ತ್ ಅಲ್ ದಾರ್‌ಳ ಮದುವೆ ಆ ಸುರೂರ್ ಅನ್ನುವ ಹುಡುಗನ ಜೊತೆ ಆಯಿತು. ಆಶು ಅವರ ಜೊತೆ ಹಡಗು ಹತ್ತಿದಳು ಅಂತ ಯಾವ ಕಾಗದದಲ್ಲೂ ಇಲ್ಲ. ಅಚ್ಚುಮೊಳೆಯವರು ಹೇಳಿದರಲ್ಲ, ತೇಕು.